ಈಸ್ಟ್ರೋಜನ್ ಹೆಂಗಸರ ಹೃದಯ ಕಾಯುತ್ತದೆ ಅನ್ನೋದು ಎಷ್ಟು ನಿಜ?

ನೇಸರ:
ಹೆಂಗಸರಿಗೆ ಹೃದಯದ ಕಾಯಿಲೆ ಗಂಡಸರಿಗಿಂತ ಸುಮಾರು 7ರಿಂದ 10 ವರ್ಷ ತಡವಾಗಿ ಬರುತ್ತದೆ. ಮುಟ್ಟು ನಿಲ್ಲುವವರೆಗೂ ಅಂಡಾಶಯದಲ್ಲಿ ತಯಾರಾಗುವ ಈಸ್ಟ್ರೋಜನ್ ಹಾರ್ಮೋನ್ ಕಾಪಾಡುತ್ತದೆ ಅಂತ ಕಾರಣ ಕೊಡುತ್ತಾರೆ. ಹಾಗಾದರೆ ಮುಟ್ಟು ನಿಂತವರಿಗೆಲ್ಲ ಈಸ್ಟ್ರೋಜನ್ ಮಾತ್ರೆ ಕೊಟ್ಟರೆ ಆಯ್ತಲ್ವಾ? ಯಾಕೆ ಕೊಡುವುದಿಲ್ಲ?

ಬಿಳಿಕೋಟು:
ಕೊಟ್ಟು ನೋಡಿ ಆಗಿದೆ. ಅಮೆರಿಕದ ವಿಮೆನ್ಸ್ ಹೆಲ್ತ್ ಇನಿಷಿಯೇಟಿವ್ ಅಧ್ಯಯನದ ಒಂದು ಭಾಗದಲ್ಲಿ 16,608 ಹೆಂಗಸರಿದ್ದರು. ಅರ್ಧದಷ್ಟು ಜನಕ್ಕೆ ಈಸ್ಟ್ರೋಜನ್ ಜೊತೆ ಪ್ರೊಜೆಸ್ಟಿನ್ ಅನ್ನೋ ಇನ್ನೊಂದು ಹಾರ್ಮೋನ್, ಉಳಿದವರಿಗೆ ಔಷಧವಿಲ್ಲದ ಮಾತ್ರೆ. 2002ರಲ್ಲಿ ಅವಧಿಗೆ ಮುಂಚೆಯೇ ನಿಲ್ಲಿಸಿದರು. ಔಷಧ ತೆಗೆದುಕೊಂಡ 10,000 ಹೆಂಗಸರಲ್ಲಿ ವರ್ಷಕ್ಕೆ 7 ಜನರಿಗೆ ಹೃದಯದ ತೊಂದರೆ ಜಾಸ್ತಿ ಬಂತು. ಸ್ಟ್ರೋಕ್ 8, ಸ್ತನ ಕ್ಯಾನ್ಸರ್ 8 ಜಾಸ್ತಿ. ಕಾಯುತ್ತದೆ ಅಂದಿದ್ದು ಇದೇನಾ?

ಮಳೆಹನಿ:
ಬಿಳಿಕೋಟು ಅವರೇ, ಆ ಹೆಂಗಸರ ಸರಾಸರಿ ವಯಸ್ಸು 63 ಅನ್ನೋದನ್ನೂ ಹೇಳಿ. ಮುಟ್ಟು ನಿಂತು ಹತ್ತು ವರ್ಷ ಕಳೆದವರೇ ಹೆಚ್ಚು. ಅಷ್ಟು ಹೊತ್ತಿಗೆ ರಕ್ತನಾಳದ ಗೋಡೆಯಲ್ಲಿ ಕೊಬ್ಬು ಕೂತಿರುತ್ತದೆ. ಅಂಡಾಶಯ ತೆಗೆದ ಕೋತಿಗಳ ಮೇಲೆ ಪ್ರಯೋಗ ನಡೆದಿದೆ. ತಕ್ಷಣ ಈಸ್ಟ್ರೋಜನ್ ಶುರು ಮಾಡಿದರೆ ರಕ್ತನಾಳದಲ್ಲಿ ಕೊಬ್ಬು ಕೂರುವುದು ತುಂಬ ಕಡಿಮೆಯಾಯಿತು. ಎರಡು ವರ್ಷ ತಡ ಮಾಡಿದರೆ ಏನೂ ಲಾಭವಿಲ್ಲ. ಮನುಷ್ಯರಲ್ಲೂ 643 ಹೆಂಗಸರ ಎಲೀಟ್ ಅಧ್ಯಯನ ಇದೇ ದಿಕ್ಕು ತೋರಿಸಿತು. ಮುಟ್ಟು ನಿಂತು ಆರು ವರ್ಷ ಆಗದವರಲ್ಲಿ ಕುತ್ತಿಗೆಯ ರಕ್ತನಾಳ ದಪ್ಪವಾಗುವುದು ನಿಧಾನವಾಯಿತು. ಹತ್ತು ವರ್ಷ ದಾಟಿದವರಲ್ಲಿ ಆಗಲಿಲ್ಲ.

ಬಿಳಿಕೋಟು:
ಎಲೀಟ್‌ನಲ್ಲಿ ಅಳೆದಿದ್ದು ಗೋಡೆಯ ದಪ್ಪ, ಹಾರ್ಟ್ ಅಟ್ಯಾಕ್ ಅಲ್ಲ. ಕೀಪ್ಸ್ ಅಂತ ಇನ್ನೊಂದಿದೆ, 727 ಹೆಂಗಸರು, ಎಲ್ಲರಿಗೂ ಮುಟ್ಟು ನಿಂತು ಮೂರು ವರ್ಷದೊಳಗೆ. ಅಲ್ಲಿ ದಪ್ಪದಲ್ಲೂ ವ್ಯತ್ಯಾಸ ಕಾಣಲಿಲ್ಲ. ಬೇಕಾದ್ದನ್ನು ಮಾತ್ರ ಆರಿಸಿಕೊಂಡರೆ ಹೇಗೆ?

ಅಂಕಿಪ್ರಿಯ:
ನೀವಿಬ್ಬರೂ ಮಾತ್ರೆ ಹಿಡಿದು ಜಗಳ ಆಡ್ತಿದ್ದೀರಿ. ಮೂಲ ಮಾತೇ ಅನುಮಾನ. ಮುಟ್ಟು ನಿಂತಾಗ ರಕ್ಷಣೆ ಹೋಗುವುದು ನಿಜವಾದರೆ, 50ರ ಆಸುಪಾಸಿನಲ್ಲಿ ಹೃದಯದ ಕಾಯಿಲೆಯಿಂದ ಹೆಂಗಸರು ಸಾಯುವ ಪ್ರಮಾಣದ ಗ್ರಾಫ್ ಗೆರೆ ಮೇಲಕ್ಕೆ ಬಾಗಬೇಕಿತ್ತು. ಬಾಗುವುದಿಲ್ಲ. ವಯಸ್ಸಿನ ಜೊತೆ ಒಂದೇ ಲಯದಲ್ಲಿ ಏರುತ್ತದೆ. ಸ್ತನ ಕ್ಯಾನ್ಸರ್ ಗೆರೆ ನೋಡಿ, ಅಲ್ಲಿ ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಏರಿಕೆ ನಿಧಾನವಾಗುವ ತಿರುವು ಸ್ಪಷ್ಟ. ಹೃದಯದ ವಿಷಯದಲ್ಲಿ ತಿರುವು ಇರುವುದು ಗಂಡಸರ ಗೆರೆಯಲ್ಲಿ: ನಡುವಯಸ್ಸು ದಾಟಿದ ಮೇಲೆ ಏರಿಕೆ ನಿಧಾನವಾಗುತ್ತದೆ. ಅದಕ್ಕೇ ಅಂತರ ಕಿರಿದಾಗಿ ಕಾಣುತ್ತದೆ. ಹೃದ್ರೋಗ ಸಂಶೋಧಕ ಹ್ಯೂ ಟನ್‌ಸ್ಟಾಲ್ ಪೀಡೊ 1998ರಲ್ಲೇ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಈ ಬಗ್ಗೆ ಬರೆದಿದ್ದರು. ಆಮೇಲೂ ಎಲ್ಲರೂ ಹಳೇ ಪಾಠವನ್ನೇ ಒಪ್ಪಿಸುತ್ತಿದ್ದಾರೆ!

ಮಳೆಹನಿ:
ರಕ್ತನಾಳ ಕಟ್ಟಿಕೊಳ್ಳಲು ದಶಕಗಳೇ ಬೇಕು. 50ಕ್ಕೆ ಹಾರ್ಮೋನ್ ಇಳಿದರೆ 51ಕ್ಕೆ ಸಾವು ಏರಬೇಕು ಅಂತ ಕಾಯುವುದು ಸರಿಯಲ್ಲ. ಒಳಗಿನ ಲೆಕ್ಕ ಅಷ್ಟರಲ್ಲೇ ಬದಲಾಗಿರುತ್ತದೆ. ಕೊನೆಯ ಮುಟ್ಟಿನ ಆಸುಪಾಸಿನ ಒಂದೆರಡು ವರ್ಷದಲ್ಲೇ ಎಲ್‌ಡಿಎಲ್ ಅನ್ನೋ ಕೆಟ್ಟ ಕೊಲೆಸ್ಟ್ರಾಲ್ ಎದ್ದು ಕಾಣುವಷ್ಟು ಏರುತ್ತದೆ. ಈಸ್ಟ್ರೋಜನ್ ಇದ್ದಾಗ ರಕ್ತನಾಳದ ಒಳಪದರ ನೈಟ್ರಿಕ್ ಆಕ್ಸೈಡ್ ಜಾಸ್ತಿ ಮಾಡುತ್ತದೆ, ನಾಳ ಸಡಿಲವಾಗಿರುತ್ತದೆ. ಇದಂತೂ ಕಟ್ಟುಕತೆಯಲ್ಲ. 40ರೊಳಗೆ ಮುಟ್ಟು ನಿಂತವರಿಗೆ ಹೃದಯದ ಕಾಯಿಲೆ ಜಾಸ್ತಿ ಅನ್ನೋದಕ್ಕೆ ಏನು ಹೇಳುತ್ತೀರಿ?

ಅಂಕಿಪ್ರಿಯ:
ಸಿಗರೇಟು ಸೇದುವವರಿಗೆ ಮುಟ್ಟು ಬೇಗ ನಿಲ್ಲುತ್ತದೆ. ಸಿಗರೇಟು ಹೃದಯವನ್ನೂ ಕೆಡಿಸುತ್ತದೆ. ಯಾವುದರ ತಪ್ಪು ಯಾವುದರ ತಲೆಗೆ?

ಮಳೆಹನಿ:
ಸಿಗರೇಟಿನ ಲೆಕ್ಕ ಕಳೆದ ಮೇಲೂ ಅಪಾಯ ಉಳಿಯುತ್ತದೆ. ಶಸ್ತ್ರಚಿಕಿತ್ಸೆಯಲ್ಲಿ ಎರಡೂ ಅಂಡಾಶಯ ತೆಗೆಸಿಕೊಂಡ ಚಿಕ್ಕ ವಯಸ್ಸಿನವರಲ್ಲೂ ಅದೇ ಕತೆ.

ಸುಮ್ನಿರಲಾರೆ:
ಗಂಡಸರಿಗೂ ಈಸ್ಟ್ರೋಜನ್ ಕೊಟ್ಟಿದ್ದರು ಗೊತ್ತಾ? 1960ರ ದಶಕದ ಕೊರೊನರಿ ಡ್ರಗ್ ಪ್ರಾಜೆಕ್ಟ್‌ನಲ್ಲಿ, ಆಗಲೇ ಹಾರ್ಟ್ ಅಟ್ಯಾಕ್ ಆದವರಿಗೆ. 5 ಮಿಲಿಗ್ರಾಂ ಕೊಟ್ಟವರಲ್ಲಿ ಮತ್ತೆ ಅಟ್ಯಾಕ್ ಜಾಸ್ತಿಯಾಗಿ 1970ರಲ್ಲಿ ನಿಲ್ಲಿಸಬೇಕಾಯಿತು.

ಬಿಳಿಕೋಟು:
ಅದು ಹೆಂಗಸರಿಗೆ ಸಾಮಾನ್ಯವಾಗಿ ಕೊಡುತ್ತಿದ್ದ 0.625 ಮಿಲಿಗ್ರಾಂನ ಎಂಟು ಪಟ್ಟು. ನುಂಗಿದ ಈಸ್ಟ್ರೋಜನ್ ಮೊದಲು ಲಿವರ್‌ಗೆ ಹೋಗುತ್ತದೆ. ಅಲ್ಲಿ ರಕ್ತ ಹೆಪ್ಪುಗಟ್ಟಿಸುವ ಅಂಶಗಳು ಜಾಸ್ತಿಯಾಗುತ್ತವೆ. ಹಾಗಂತ ಗಂಡಸರಿಗೆ ಈಸ್ಟ್ರೋಜನ್ ಬೇಡ ಅಂತಲ್ಲ. ಅವರ ದೇಹವೂ ಟೆಸ್ಟೋಸ್ಟೆರಾನ್‌ನಿಂದ ಅದನ್ನು ಮಾಡಿಕೊಳ್ಳುತ್ತದೆ. ಜೀವಕೋಶದಲ್ಲಿ ಈಸ್ಟ್ರೋಜನ್‌ಗೆ ಸ್ಪಂದಿಸುವ ಪ್ರೋಟೀನೇ (ರಿಸೆಪ್ಟರ್) ಕೆಲಸ ಮಾಡದ ಒಬ್ಬ ಯುವಕನ ಬಗ್ಗೆ 1994ರಲ್ಲಿ ವರದಿ ಬಂತು. ಅವನ ರಕ್ತನಾಳಗಳಲ್ಲಿ ಚಿಕ್ಕ ವಯಸ್ಸಿಗೇ ಕಾಯಿಲೆಯ ಗುರುತು ಕಂಡಿತು. ಒಬ್ಬನೇ ರೋಗಿ, ನಿಜ. ಆದರೂ ನನ್ನ ಮಟ್ಟಿಗೆ ಇಡೀ ಚರ್ಚೆಯಲ್ಲಿ ಅತಿ ಕುತೂಹಲದ ಸುಳಿವು ಇದೇ.

ನೇಸರ:
ಹಾಗಿದ್ದರೆ 38ಕ್ಕೇ ಮುಟ್ಟು ನಿಂತರೆ?

ಬಿಳಿಕೋಟು:
ಅದು ಬೇರೆ ಮಾತು. ಅಂಥವರಿಗೆ, ಬೇಡ ಅನ್ನಲು ಬೇರೆ ಕಾರಣ ಇಲ್ಲದಿದ್ದರೆ, ಸಹಜವಾಗಿ ನಿಲ್ಲುವ 50ರ ವಯಸ್ಸಿನವರೆಗೆ ಹಾರ್ಮೋನ್ ಕೊಡುವುದೇ ರೂಢಿ. ಮೈ ಬಿಸಿಯಾಗಿ ಬೆವರಿ ನಿದ್ದೆಗೆಡುವವರಿಗೂ, 60ರೊಳಗಿದ್ದರೆ ಕೊಡುತ್ತಾರೆ. ಹೃದಯ ಕಾಪಾಡಲು ಅಂತ ಮಾತ್ರ ಕೊಡುವುದನ್ನು ಯಾವ ದೊಡ್ಡ ಮಾರ್ಗಸೂಚಿಯೂ ಒಪ್ಪುವುದಿಲ್ಲ.

ಮಳೆಹನಿ:
ಚರ್ಮಕ್ಕೆ ಅಂಟಿಸುವ ಪ್ಯಾಚ್ ಆದರೆ ಈಸ್ಟ್ರೋಜನ್ ಮೊದಲು ಲಿವರ್‌ಗೆ ಹೋಗುವುದು ತಪ್ಪುತ್ತದೆ, ಹೆಪ್ಪುಗಟ್ಟುವ ಅಪಾಯವೂ ಮಾತ್ರೆಗಿಂತ ಕಡಿಮೆ ಕಾಣುತ್ತದೆ.

ಅಂಕಿಪ್ರಿಯ:
ಹೆಪ್ಪಿನ ಮಾತು ಒಪ್ಪಿದೆ. ಪ್ಯಾಚ್‌ನಿಂದ ಹಾರ್ಟ್ ಅಟ್ಯಾಕ್ ಕಡಿಮೆಯಾಯಿತು ಅಂತ ದೊಡ್ಡ ಪ್ರಯೋಗ ತೋರಿಸಲಿ, ಆಮೇಲೆ ಮಾತಾಡೋಣ.