ಬಿಸಿಯಾದರೆ ಬೈಕ್ ಆಫ್, ಸಿಡಿಐ ಮನೆಯಲ್ಲೇ ಚೆಕ್ ಮಾಡೋದು ಹೇಗೆ?

ಮಲೆನಾಡ_ಸವಾರ:
ನನ್ನದು ಹಳೇ 100 ಸಿಸಿ ಬೈಕು. ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಹೊರಟರೆ ಅರ್ಧ ದಾರಿಯಲ್ಲಿ ಆಫ್ ಆಗುತ್ತದೆ, ಎಷ್ಟು ಕಿಕ್ ಹೊಡೆದರೂ ಏಳುವುದಿಲ್ಲ, 20 ನಿಮಿಷ ಬಿಟ್ಟರೆ ಒಂದೇ ಕಿಕ್‌ಗೆ ಸ್ಟಾರ್ಟ್. ಪ್ಲಗ್ ಹೊಸದು. ಸಿಡಿಐ (ಪ್ಲಗ್‌ಗೆ ಕಿಡಿ ಕೊಡಿಸುವ ಎಲೆಕ್ಟ್ರಾನಿಕ್ ಡಬ್ಬಿ) ಹೋಗಿದೆ ಅನ್ನುತ್ತಾರೆ ಮೆಕ್ಯಾನಿಕ್. ಮನೆಯಲ್ಲಿ ಮಲ್ಟಿಮೀಟರ್ ಇದೆ, ಅದರಲ್ಲಿ ಗೊತ್ತಾಗುತ್ತದಾ? ಸುಮ್ನೆ ದುಡ್ಡು ದಂಡ ಆಗಬಾರದು.

ವೈರಿಂಗ್_ಹುಚ್ಚ:
ಮೀಟರ್ ಇಟ್ಟು ಸಿಡಿಐ ಸತ್ತಿದೆಯೋ ಬದುಕಿದೆಯೋ ಹೇಳೋಕೆ ಆಗುವುದಿಲ್ಲ ಗುರು. ಒಳಗೆ ಕೆಪಾಸಿಟರ್, ಎಸ್‌ಸಿಆರ್ (ಎಲೆಕ್ಟ್ರಾನಿಕ್ ಸ್ವಿಚ್) ಎಲ್ಲ ಇಟ್ಟು ರಾಳ ಸುರಿದು ಮುಚ್ಚಿರುತ್ತಾರೆ. ಸುತ್ತ ಇರೋದೆಲ್ಲ ಸರಿ ಇದ್ದರೆ ಮಾತ್ರ ಅದರ ಮೇಲೆ ಅನುಮಾನ ಪಡಿ.
ಜೊತೆಗೆ ಒಂದು ಪ್ಲಗ್ ಇಟ್ಟುಕೊಂಡು ಹೋಗಿ. ಗಾಡಿ ನಿಂತ ಜಾಗದಲ್ಲೇ, ಬಿಸಿ ಆರುವ ಮೊದಲು, ಇಂಜಿನ್‌ನಲ್ಲಿರುವ ಪ್ಲಗ್ ಬಿಚ್ಚದೆ ಕ್ಯಾಪ್ ಮಾತ್ರ ಕಿತ್ತು ಈ ಪ್ಲಗ್‌ಗೆ ಹಾಕಿ, ಅದರ ಲೋಹದ ಭಾಗ ಇಂಜಿನ್‌ಗೆ ತಾಗುವ ಹಾಗೆ ಇಟ್ಟು ಕಿಕ್ ಹೊಡೆಯಿರಿ. ಕೈಯಲ್ಲಿ ಹಿಡಿಯಬೇಡಿ, ಸಾವಿರಾರು ವೋಲ್ಟ್ ಇರುತ್ತದೆ. ಪ್ಲಗ್ ಇಲ್ಲದೆ ಬರೀ ಕ್ಯಾಪ್ ನೇತಾಡಿಸಿ ಒದೆಯಲೂ ಬೇಡಿ, ಚೆನ್ನಾಗಿರೋ ಸಿಡಿಐ ಕೂಡ ಹೋಗಬಹುದು. ನೀಲಿ ಕಿಡಿ ಚಟಚಟ ಅಂತ ಬಂದರೆ ಪೆಟ್ರೋಲ್ ಕಡೆ ನೋಡಿ.

ಗ್ಯಾರೇಜ್_ಅಳಿಯ:
ಹೌದು, ಇದೇ ಲಕ್ಷಣ ನೋಡಿ ಸಿಡಿಐ ಬದಲಿಸಿದ ದಡ್ಡ ನಾನು. ಟ್ಯಾಂಕ್ ಮುಚ್ಚಳದ ಗಾಳಿ ತೂತು ಮಣ್ಣು ತುಂಬಿ ಕಟ್ಟಿತ್ತು, ಪೆಟ್ರೋಲ್ ಇಳಿಯುತ್ತಿರಲಿಲ್ಲ! ನಿಂತಾಗ ಮುಚ್ಚಳ ತೆಗೆದು ಒದ್ದು ನೋಡಿ.

ವೈರಿಂಗ್_ಹುಚ್ಚ:
ಕಿಡಿ ಬರದಿದ್ದರೆ ಮೊದಲು ಪಲ್ಸರ್ ಕಾಯಿಲ್ ನೋಡಿ, ಅಂದರೆ ಯಾವಾಗ ಕಿಡಿ ಬಿಡಬೇಕು ಅಂತ ಸಿಡಿಐಗೆ ಸಿಗ್ನಲ್ ಕೊಡುವ ತಂತಿ ಸುರುಳಿ. ಸಿಡಿಐ ಸಾಕೆಟ್ ಕಳಚಿ ಕಾಯಿಲ್ ಕಡೆಯ ವೈರ್‌ನಲ್ಲಿ ಓಮ್ ಅಳೆಯಿರಿ, ತಣ್ಣಗಿದ್ದಾಗ ಒಮ್ಮೆ, ನಿಂತ ಕೂಡಲೇ ಒಮ್ಮೆ. ನೂರಿನಿಂದ ಇನ್ನೂರು ಚಿಲ್ಲರೆ ಸಾಮಾನ್ಯ, ಆದರೆ ನಿಮ್ಮ ಮಾಡೆಲ್‌ನ ಮ್ಯಾನುಯಲ್ ಹೇಳಿದ್ದೇ ಸರಿ. ಅದೂ ಸರಿ ಇದ್ದರೆ ಅದೇ ಮಾಡೆಲ್ ಇರೋ ಸ್ನೇಹಿತರ ಸಿಡಿಐ ಒಂದು ದಿನ ಸಾಲ ತಗೊಳ್ಳಿ, ಅದಕ್ಕಿಂತ ಒಳ್ಳೇ ಟೆಸ್ಟ್ ಇಲ್ಲ.

ಮಲೆನಾಡ_ಸವಾರ:
ಇವತ್ತು ದಾರಿಯಲ್ಲಿ ನಿಂತಾಗ ನೋಡಿದೆ. ಮುಚ್ಚಳ ತೆಗೆದರೂ ಏಳಲಿಲ್ಲ, ಕಿಡಿ ಇಲ್ಲ. ಪಲ್ಸರ್ ಕಾಯಿಲ್ ಬೆಳಿಗ್ಗೆ 190 ತೋರಿಸಿತ್ತು, ಬಿಸಿಯಲ್ಲಿ ಮೀಟರ್ ಅಲ್ಲಾಡಲೇ ಇಲ್ಲ, ಪೂರ್ತಿ ಓಪನ್, ಒಳಗೆ ತಂತಿ ಕಡಿದ ಹಾಗೆ. ಅಂದರೆ ಸಿಡಿಐ ಪಾಪ ಏನೂ ಮಾಡಿಲ್ಲ ಅಲ್ವಾ? ಹೊಸ ಕಾಯಿಲ್ ಹಾಕೋಕೆ ಇಂಜಿನ್ ಪಕ್ಕದ ಮ್ಯಾಗ್ನೆಟ್ ಕವರ್ ಬಿಚ್ಚಬೇಕಾ?

ವೈರಿಂಗ್_ಹುಚ್ಚ:
ಬಿಚ್ಚಬೇಕು. ಗ್ಯಾಸ್ಕೆಟ್ ಹೊಸದು ತಂದಿಟ್ಟುಕೊಂಡೇ ಕೈ ಹಾಕಿ.