ಬೊಜ್ಜಿನ ಶಸ್ತ್ರಚಿಕಿತ್ಸೆಯಾದ ಮೇಲೆ ರೊಟ್ಟಿ ಯಾವಾಗ?

ವಿಜಯಪುರದ ಗೃಹಿಣಿಯೊಬ್ಬರ ಪ್ರಶ್ನೆ

ನನಗೆ 41 ವರ್ಷ. ಜಠರದ ಗಾತ್ರ ಕುಗ್ಗಿಸುವ ಸ್ಲೀವ್ ಶಸ್ತ್ರಚಿಕಿತ್ಸೆಯಾಗಿ ಇಂದಿಗೆ 24 ದಿನಗಳಾದವು. ಬೇಳೆಯ ಕಟ್ಟು, ಮಜ್ಜಿಗೆ, ನುಣ್ಣಗೆ ರುಬ್ಬಿದ ಅನ್ನ, ಇಷ್ಟರಲ್ಲೇ ದಿನ ಕಳೆಯುತ್ತಿದ್ದೇನೆ. ಎದ್ದು ನಿಂತರೆ ಕಣ್ಣಿಗೆ ಕತ್ತಲೆ ಬರುತ್ತದೆ. "ರೊಟ್ಟಿ ತಿನ್ನದ ಮೈಯಾಗ ಕಸುವು ಹೆಂಗ ಬರತದ?" ಎಂದು ಅತ್ತೆಯವರು ದಿನವೂ ಕೇಳುತ್ತಾರೆ. ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆ ಬರುತ್ತಿದೆ, ಮನೆ ತುಂಬ ಬೀಗರು ಇರುತ್ತಾರೆ. ಈ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ತಮ್ಮ ಅನುಭವ ತಿಳಿಸಬೇಕು.

ಬಾಗಲಕೋಟೆಯ ಶಿಕ್ಷಕಿಯೊಬ್ಬರ ಉತ್ತರ

ತಂಗೀ, ನನಗೂ ಇದೇ ಶಸ್ತ್ರಚಿಕಿತ್ಸೆಯಾಗಿ ಎರಡು ವರ್ಷಗಳಾದವು. ನಮ್ಮ ಮನೆಯಲ್ಲೂ ಇದೇ ಮಾತು ನಡೆದಿತ್ತು, ಮತ್ತು ನಾನು ಆ ಮಾತಿಗೆ ಸೋತಿದ್ದೆ. ಐದನೆಯ ವಾರದ ಒಂದು ಸಂಜೆ, ಹಂಚಿನಿಂದ ಆಗಷ್ಟೇ ಇಳಿದ ಜೋಳದ ರೊಟ್ಟಿಯ ಹೆಬ್ಬೆರಳಿನಷ್ಟು ತುಣುಕನ್ನು ಶೇಂಗಾ ಹಿಂಡಿಗೆ ಒತ್ತಿ ಬಾಯಿಗಿಟ್ಟೆ. ಎರಡನೆಯ ತುತ್ತು ಎದೆಯ ನಡುವೆ ಸಿಕ್ಕಿಕೊಂಡಿತು. ಬಾಯಿತುಂಬ ನೊರೆನೊರೆಯಾದ ಜೊಲ್ಲು ಬಂದು, ಅರ್ಧ ಗಂಟೆ ಬಚ್ಚಲಿನಲ್ಲಿ ಗೋಡೆ ಹಿಡಿದು ಬಗ್ಗಿ ನಿಂತಿದ್ದೆ. ರೊಟ್ಟಿ ಮಾಡಿಕೊಟ್ಟ ನನ್ನ ಅತ್ತೆಯವರೇ ಬೆನ್ನು ಸವರುತ್ತ ಅತ್ತರು.

ಸ್ಲೀವ್‌ನಲ್ಲಿ ಜಠರದ ನೂರರಲ್ಲಿ 75ರಿಂದ 80 ಪಾಲನ್ನು ತೆಗೆಯುತ್ತಾರೆ. ಬಾಳೆಕಾಯಿಯಂತೆ ಉಳಿದ ಕೊಳವೆಯ ಉದ್ದಕ್ಕೂ ಹೊಲಿಗೆ ಇದ್ದು, ಅದು ಮಾಗಿ ಬಾವು ಇಳಿಯುವ ತನಕ ಒಣಗಿದ, ಒರಟಾದ ಆಹಾರ ಮುಂದಕ್ಕೆ ಸರಿಯುವುದಿಲ್ಲ. ಸಾಮಾನ್ಯವಾಗಿ ಮೊದಲ ಎರಡು ವಾರ ದ್ರವಾಹಾರ, ಮುಂದಿನ ಎರಡು ವಾರ ರುಬ್ಬಿದ ಆಹಾರ, ಆಮೇಲೆ ಮೆತ್ತಗಿನದು, ಆರರಿಂದ ಎಂಟನೆಯ ವಾರದ ಹೊತ್ತಿಗೆ ಗಟ್ಟಿ ಆಹಾರ ಎಂದು ಹೇಳುತ್ತಾರೆ. ನಿಮ್ಮ ವೈದ್ಯರು ಬರೆದುಕೊಟ್ಟ ಪಟ್ಟಿ ಬೇರೆಯಾಗಿದ್ದರೆ ಅದನ್ನೇ ಪಾಲಿಸಿರಿ. ನಾನು ಎರಡು ತಿಂಗಳಾದ ಮೇಲೆ ಕಟಕ ರೊಟ್ಟಿಯನ್ನು ಪುಡಿ ಮಾಡಿ, ಹೆಸರುಬೇಳೆಯ ಕಟ್ಟಿನಲ್ಲಿ ಗಂಟೆಹೊತ್ತು ನೆನೆಸಿ ತಿನ್ನತೊಡಗಿದೆ. ಬಿಸಿ ರೊಟ್ಟಿಗಿಂತ ಅದು ಹಗುರವಾಗಿ ಇಳಿಯಿತು.

ನಿಮಗಾಗುತ್ತಿರುವ ನಿಶ್ಶಕ್ತಿಗೆ ರೊಟ್ಟಿ ಇಲ್ಲದಿರುವುದು ಕಾರಣವಲ್ಲ, ನೀರು ಮತ್ತು ಪ್ರೋಟೀನ್ ಸಾಲದಿರುವುದು ಕಾರಣವಿರಬಹುದು ಎಂದು ನನಗನ್ನಿಸುತ್ತದೆ. ಆದರೂ ಕಣ್ಣಿಗೆ ಕತ್ತಲೆ ಬರುತ್ತಿರುವ ವಿಷಯವನ್ನು ವೈದ್ಯರಿಗೆ ಇಂದೇ ತಿಳಿಸಿರಿ. ರಕ್ತದೊತ್ತಡದ ಮಾತ್ರೆ ನುಂಗುತ್ತಿದ್ದರೆ ಅದರ ಪ್ರಮಾಣವನ್ನೂ ಅವರು ನೋಡಬೇಕಾಗುತ್ತದೆ. ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್ ಬೇಕು ಎಂದು ನನಗೆ ಹೇಳಿದ್ದರು. ಅನ್ನ ರುಬ್ಬಿ ಕುಡಿದರೆ ಅದು ಬರುವುದಿಲ್ಲ. ಒಂದು ಮೊಟ್ಟೆಯಲ್ಲಿ ಸಿಗುವುದೇ ಸುಮಾರು 6 ಗ್ರಾಂ, ಹಾಗಾಗಿ ವೈದ್ಯರು ಹೇಳಿದ ಪುಡಿಯನ್ನು ಹಾಲಿನಲ್ಲೋ ಮಜ್ಜಿಗೆಯಲ್ಲೋ ಕಲಸಿ ಕುಡಿಯಲೇಬೇಕಾಯಿತು. ಅದರ ರುಚಿಯ ಬಗ್ಗೆ ನಾನು ಏನೂ ಹೇಳಲಾರೆ! ನೀರಿನ ಲೆಕ್ಕಕ್ಕೆ ಕೆಮ್ಮಿನ ಔಷಧಿಯ 10 ಮಿಲಿಲೀಟರಿನ ಅಳತೆ ಮುಚ್ಚಳ ಇಟ್ಟುಕೊಂಡು, ಸ್ವಲ್ಪ ಸ್ವಲ್ಪವಾಗಿ ಗುಟುಕರಿಸುತ್ತ ಒಂದೂವರೆ ಲೀಟರ್ ಮುಟ್ಟಿಸುತ್ತಿದ್ದೆ. ಊಟದ ಜೊತೆಗೆ ಮತ್ತು ಊಟವಾದ ಅರ್ಧ ಗಂಟೆಯವರೆಗೆ ನೀರು ಮುಟ್ಟುತ್ತಿರಲಿಲ್ಲ.

ಅತ್ತೆಯವರನ್ನು ಮುಂದಿನ ತಪಾಸಣೆಗೆ ಜೊತೆಯಲ್ಲೇ ಕರೆದೊಯ್ಯಿರಿ. ಸೊಸೆ ಹೇಳಿದರೆ ನೆಪವೆನಿಸುವ ಮಾತು, ಅದನ್ನೇ ವೈದ್ಯರು ಹೇಳಿದಾಗ ನಮ್ಮ ಮನೆಯಲ್ಲಿ ಪಥ್ಯವಾಯಿತು.

ಬೆಳಗಾವಿಯ ವ್ಯಾಪಾರಿಯೊಬ್ಬರ ಉತ್ತರ

ಅಕ್ಕಾವರೇ, ನನ್ನದು ಬೈಪಾಸ್, ಅಂದರೆ ಜಠರವನ್ನು ಚಿಕ್ಕದು ಮಾಡಿ ಕರುಳಿಗೆ ಜೋಡಿಸುವ ಬೊಜ್ಜಿನ ಶಸ್ತ್ರಚಿಕಿತ್ಸೆ. ಜಾತ್ರೆಯೆಂದಿರಿ, ಅದಕ್ಕೇ ಬರೆಯುತ್ತಿದ್ದೇನೆ. ಶಸ್ತ್ರಚಿಕಿತ್ಸೆಯಾದ ನಾಲ್ಕನೆಯ ತಿಂಗಳಲ್ಲಿ ಒಂದು ಮದುವೆಯಲ್ಲಿ ಎರಡು ಚಮಚ ಕುಂದಾ ತಿಂದೆ. ಕಾಲು ಗಂಟೆಯೊಳಗೆ ಎದೆ ಡವಡವ ಹೊಡೆದುಕೊಂಡು, ಅಂಗಿ ತೊಯ್ಯುವಷ್ಟು ಬೆವರಿ, ಮಂಟಪದ ಹಿಂದಿನ ಕೋಣೆಯಲ್ಲಿ ಮಲಗಿಬಿಟ್ಟೆ. ಸಿಹಿಯು ಕರುಳಿಗೆ ಒಮ್ಮೆಲೇ ಇಳಿಯುವುದರಿಂದ ಹೀಗಾಗುತ್ತದೆಂದೂ, ಇದನ್ನು ಡಂಪಿಂಗ್ ಎನ್ನುತ್ತಾರೆಂದೂ ಆಮೇಲೆ ತಿಳಿಯಿತು. ಸ್ಲೀವ್‌ನವರಿಗೆ ಇದು ಕಡಿಮೆಯೆನ್ನುತ್ತಾರೆ, ಆದರೂ ಪರೀಕ್ಷಿಸಿ ನೋಡಲು ಜಾತ್ರೆ ತಕ್ಕ ಸಮಯವಲ್ಲ.

ಸಕ್ಕರೆ ಕಾಯಿಲೆಯಿದ್ದರೆ ಹಳೆಯ ಪ್ರಮಾಣದ ಮಾತ್ರೆಯನ್ನೇ ಮುಂದುವರಿಸಬೇಡಿರಿ, ವೈದ್ಯರನ್ನು ಕೇಳಿರಿ. ಮೊಣಕಾಲು ನೋವಿಗೆಂದು ಔಷಧಿ ಅಂಗಡಿಯಿಂದ ಡೈಕ್ಲೋಫೆನಾಕ್ ತಂದು ನುಂಗುವ ನನ್ನ ಹಳೆಯ ಚಟವನ್ನೂ ವೈದ್ಯರು ಬಿಡಿಸಿದರು, ಏಕೆಂದರೆ ಜೋಡಣೆಯ ಜಾಗದಲ್ಲಿ ಹುಣ್ಣಾಗುವ ಅಪಾಯವಿದೆ.

ವಿಜಯಪುರದ ನಿವೃತ್ತ ಶುಶ್ರೂಷಕಿಯೊಬ್ಬರ ಉತ್ತರ

ನನ್ನ ಮಗಳಿಗೆ ಸ್ಲೀವ್ ಆಗಿದೆ. ಬಾಗಲಕೋಟೆಯ ಅಕ್ಕನವರು ಎರಡು ತಿಂಗಳು ಎಂದರು, ನನ್ನ ಮಗಳಿಗೆ ರೊಟ್ಟಿ ಒಗ್ಗಿದ್ದು ನಾಲ್ಕನೆಯ ತಿಂಗಳಲ್ಲಿ. ದಿನಗಳನ್ನು ಬೇರೆಯವರೊಂದಿಗೆ ಹೋಲಿಸಬೇಡಮ್ಮಾ. ಅದೇ ಹೊತ್ತಿಗೆ ಅವಳ ಕೂದಲು ಬಾಚಣಿಗೆ ತುಂಬ ಉದುರಿ ಗಾಬರಿ ಹುಟ್ಟಿಸಿತು, ಆದರೆ ವರ್ಷ ತುಂಬುವಷ್ಟರಲ್ಲಿ ಮತ್ತೆ ಬಂತು.

ಮನೆಯಲ್ಲಿ ಕಾದು ಕೂಡಬಾರದ ಸಂದರ್ಭಗಳೂ ಇವೆ. ಜ್ವರ, ನಾಡಿಯ ಓಟ, ಹೆಚ್ಚುತ್ತಿರುವ ಹೊಟ್ಟೆನೋವು ಅಥವಾ ಎಡ ಹೆಗಲ ನೋವು ಕಂಡರೆ ಹೊಲಿಗೆ ಸೋರುತ್ತಿರುವ ಶಂಕೆಯಿರುತ್ತದೆ. ಒಂದೇ ಕಾಲು ಬಾತು ನೋಯುತ್ತಿದ್ದರೆ ಅಥವಾ ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ ರಕ್ತ ಹೆಪ್ಪುಗಟ್ಟಿರಬಹುದು. ನೀರೂ ನಿಲ್ಲದಷ್ಟು ವಾಂತಿ ಮುಂದುವರಿದರೆ ಬಿ1 ಜೀವಸತ್ವ ಕುಸಿದು ನರಗಳಿಗೆ ಪೆಟ್ಟು ಬೀಳುತ್ತದೆ. ಇವುಗಳಲ್ಲಿ ಯಾವುದೇ ಆದರೂ ರಾತ್ರಿಯೆನ್ನದೆ ಆಸ್ಪತ್ರೆಗೆ ಹೋಗಬೇಕು. ಬಿ12, ಕಬ್ಬಿಣ, ಕ್ಯಾಲ್ಸಿಯಂ, ಡಿ ಜೀವಸತ್ವದ ಮಾತ್ರೆಗಳು ಜೀವನಪೂರ್ತಿ ಇರುವಂಥವು. ಆರಾಮಾದೆನೆಂದು ನನ್ನ ಮಗಳು ನಡುವೆ ಬಿಟ್ಟು, ರಕ್ತಹೀನತೆ ತಂದುಕೊಂಡಳು.

ಪ್ರಶ್ನೆ ಕೇಳಿದವರ ಮರುಬರಹ

ಎಲ್ಲರಿಗೂ ಶರಣು. ಮುಚ್ಚಳದ ಲೆಕ್ಕ ಹಾಕಿದಾಗ ನಿನ್ನೆ ಇಡೀ ದಿನ ನಾನು ಕುಡಿದ ನೀರು 600 ಮಿಲಿಲೀಟರ್ ಕೂಡ ಆಗಿರಲಿಲ್ಲ. ವೈದ್ಯರಿಗೆ ಫೋನ್ ಮಾಡಿದೆ. ನಾಳೆ ಬೆಳಿಗ್ಗೆ ಬರಲು ಹೇಳಿದ್ದಾರೆ. ಅತ್ತೆಯವರೂ ಹೊರಟಿದ್ದಾರೆ, ರೊಟ್ಟಿಯ ವಿಷಯವನ್ನು ತಾವೇ ಕೇಳುತ್ತಾರಂತೆ.