1/72ರಲ್ಲಿ ಇಂಫಾಲ್ 1944: ಲೀ ಟ್ಯಾಂಕ್ ಅಲ್ಲಾಡುತ್ತದೆ, ಸೈನಿಕರ ಬಣ್ಣ ಏಳುತ್ತದೆ, ವಾರ್ನಿಷ್ ಬೆಳ್ಳಗಾಗುತ್ತದೆ

ಕರಾವಳಿ_ಸ್ಪ್ರೂ

ನಮಸ್ಕಾರ. ಮಣಿಪುರದಲ್ಲಿ ಬ್ರಿಟಿಷ್-ಭಾರತೀಯ ಸೇನೆ ಮತ್ತು ಜಪಾನಿಗಳ ನಡುವೆ ನಡೆದ 1944ರ ಇಂಫಾಲ್ ಕದನವನ್ನು ಬೊಂಬೆಗಳಿಂದ ಮೇಜಿನ ಮೇಲೆ ಆಡಲಿಕ್ಕೆ ಎರಡೂ ಕಡೆಯ ಪಡೆ ಕಟ್ಟುತ್ತಾ ಇದ್ದೇನೆ. ಅಳತೆ 1/72, ಒಂದು ಬೊಂಬೆ ಎಂದರೆ ಒಬ್ಬ ಸೈನಿಕ ಎನ್ನುವ ನಿಯಮ. ಭಾರತೀಯ ಕಡೆಗೆ ಮೂರು ಎಂ3 ಲೀ ಟ್ಯಾಂಕ್, ಒಂದು ಪ್ಲಟೂನ್ ಕಾಲಾಳು. ಜಪಾನಿ ಕಡೆಗೆ ಎರಡು ಟೈಪ್ 95 ಹಾ-ಗೋ ಟ್ಯಾಂಕ್, ಒಂದು ಪ್ಲಟೂನ್. ಸೈನಿಕರು ಪೆಟ್ಟಿಗೆಯಲ್ಲಿ ಬರುವ ಮೆದು ಪ್ಲಾಸ್ಟಿಕ್ಕಿನವರು.

ತೊಂದರೆ ಇವು. ಸೈನಿಕರ ಬಣ್ಣ ಬಂದೂಕಿನ ತುದಿಯಿಂದ, ಮೊಣಕೈಯಿಂದ ಸಿಪ್ಪೆಯಾಗಿ ಏಳುತ್ತದೆ. ಮೊದಲ ಲೀ ಜೋಡಿಸಿ ಆಯಿತು, ಒಂದು ಮೂಲೆ ಎತ್ತಿಕೊಂಡು ಅಲ್ಲಾಡುತ್ತದೆ. ಡಿಕಾಲ್ (ನೀರಿನಲ್ಲಿ ನೆನೆಸಿ ಅಂಟಿಸುವ ಗುರುತಿನ ಚಿತ್ರ) ಸುತ್ತ ಬೆಳ್ಳಿ ಹೊಳಪು. ಮ್ಯಾಟ್ (ಹೊಳಪಿಲ್ಲದ) ವಾರ್ನಿಷ್ ಸ್ಪ್ರೇ ಹೊಡೆದರೆ ಬೂದಿ ಬಳಿದ ಹಾಗೆ. ಮಂಗಳೂರಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಏನೂ ಒಣಗುವುದಿಲ್ಲ ಮಾರಾಯ್ರೆ. ಇನ್ನೊಂದು, ಸಿಗುವ ಕೆಲವು ಕಿಟ್‌ಗಳು 1/76. ಬೆರೆಸಿದರೆ ಕಣ್ಣಿಗೆ ಹೊಡೆಯುತ್ತದಾ?

ಅಳತೆಪಟ್ಟಿ

ಅಳತೆಯ ಮಾತು ಮೊದಲು ಮುಗಿಸೋಣ. 1/76 ಎಂದರೆ 1/72ಕ್ಕಿಂತ ಸುಮಾರು ಶೇ. 5 ಚಿಕ್ಕದು. ನಿಜವಾದ ಲೀ 5.64 ಮೀ. ಉದ್ದ, 3.12 ಮೀ. ಎತ್ತರ. 1/72ರಲ್ಲಿ ಅದು 78 ಮತ್ತು 43 ಮಿ.ಮೀ., 1/76ರಲ್ಲಿ 74 ಮತ್ತು 41. ಒಂದೇ ಟ್ರೂಪ್‌ನ (ಟ್ಯಾಂಕುಗಳ ಚಿಕ್ಕ ತುಕಡಿ) ಮೂರರಲ್ಲಿ ಒಂದು ಮಾತ್ರ 1/76 ಆದರೆ ಗೊತ್ತಾಗುತ್ತದೆ. ಎದುರಾಳಿಯ ಟ್ಯಾಂಕೋ ಹಿಂದೆ ನಿಂತ ಲಾರಿಯೋ ಆದರೆ ಯಾರೂ ಗಮನಿಸುವುದಿಲ್ಲ. 1.70 ಮೀ. ಎತ್ತರದ ಆಳು ಒಂದರಲ್ಲಿ 23.6 ಮಿ.ಮೀ., ಇನ್ನೊಂದರಲ್ಲಿ 22.4. ನಿಜವಾದ ಸೈನಿಕರ ಎತ್ತರದಲ್ಲೇ ಅದಕ್ಕಿಂತ ಹೆಚ್ಚು ಅಂತರವಿರುತ್ತದೆ. ಎದ್ದು ಕಾಣುವುದು ತಲೆ ಮತ್ತು ಬಂದೂಕಿನ ದಪ್ಪ, ಎತ್ತರವಲ್ಲ.

ಇನ್ನು ಕಿಟ್ ಕೊಳ್ಳುವ ಮುಂಚೆ ಕೇಳಬೇಕಾದ ಪ್ರಶ್ನೆ: ಇಂಫಾಲ್ ಅಂದರೆ ಯಾವ ದಿನ, ಯಾವ ಜಾಗ? ಕದನ ಮಾರ್ಚ್‌ನಿಂದ ಜುಲೈವರೆಗೆ ನಡೆಯಿತು. ನಿಮ್ಮ ಪಟ್ಟಿಯಲ್ಲಿ ಎರಡು ಬೇರೆ ಬೇರೆ ಕಾಳಗ ಬೆರೆತಿವೆ.

ಲೀ ಬೇಕೆಂದರೆ ಏಪ್ರಿಲ್ 13ರ ನುಂಗ್‌ಶಿಗುಮ್ ಬೆಟ್ಟ ತೆಗೆದುಕೊಳ್ಳಿ. ಬ್ರಿಟಿಷ್ ಟ್ಯಾಂಕ್ ರೆಜಿಮೆಂಟ್ 3ನೇ ಕ್ಯಾರಾಬಿನಿಯರ್ಸ್‌ನ ಬಿ ಸ್ಕ್ವಾಡ್ರನ್ ಲೀಗಳನ್ನು ಕಡಿದಾದ ಏಣಿನ (ಬೆಟ್ಟದ ಬೆನ್ನು) ಮೇಲೆ ಹತ್ತಿಸಿತು, ಜೊತೆಗೆ 17ನೇ ಡೋಗ್ರಾ ರೆಜಿಮೆಂಟ್‌ನ 1ನೇ ಬೆಟಾಲಿಯನ್. ತುದಿಯಲ್ಲಿ ಟ್ಯಾಂಕುಗಳು ಒಂದರ ಹಿಂದೆ ಒಂದು ಹೋಗುವಷ್ಟೇ ಜಾಗ. ಕಮಾಂಡರ್‌ಗಳು ದಾರಿ ನೋಡಲು ತಲೆ ಹೊರಗೆ ಹಾಕಲೇಬೇಕಾಯಿತು. ಬ್ರಿಟಿಷ್ ಅಧಿಕಾರಿಗಳೆಲ್ಲ ಸತ್ತರು ಇಲ್ಲವೇ ಗಾಯಗೊಂಡರು, ಕೊನೆಗೆ ಟ್ಯಾಂಕುಗಳನ್ನು ನಡೆಸಿದ್ದು ಸ್ಕ್ವಾಡ್ರನ್ ಸಾರ್ಜೆಂಟ್ ಮೇಜರ್ ಕ್ರಾಡಾಕ್. ಅಲ್ಲಿ ಜಪಾನಿ ಟ್ಯಾಂಕ್ ಇರಲಿಲ್ಲ, ಇದ್ದದ್ದು ಬಂಕರ್.

ಟ್ಯಾಂಕ್ ವಿರುದ್ಧ ಕಾಲಾಳು ಬೇಕೆಂದರೆ ಜೂನ್ 12ರ ನಿಂಗ್‌ಥೌಖೋಂಗ್. 7ನೇ ಗೂರ್ಖಾ ರೈಫಲ್ಸ್‌ನ ಗಂಜು ಲಾಮಾ ಪಿಯಾಟ್ (ಕಾಲಾಳು ಹಿಡಿದು ಹೊಡೆಯುವ ಟ್ಯಾಂಕ್ ನಿರೋಧಕ ಅಸ್ತ್ರ) ಹಿಡಿದು ಎರಡು ಜಪಾನಿ ಟ್ಯಾಂಕ್ ಒಡೆದು ವಿಕ್ಟೋರಿಯಾ ಕ್ರಾಸ್ ಪಡೆದದ್ದು ಅಲ್ಲಿ. ಆ ರಂಗಕ್ಕೆ ನಿಮ್ಮ ಹಾ-ಗೋ ಸರಿ. ಮೊದಲನೆಯದು ಮಳೆಗೆ ಮುಂಚೆ, ಅಂದರೆ ಟ್ಯಾಂಕಿನ ಮೇಲೆ ಧೂಳು. ಎರಡನೆಯದು ಮಳೆಯಲ್ಲಿ, ಅಂದರೆ ಚಕ್ರದ ಅಚ್ಚಿನವರೆಗೆ ಕೆಸರು. ಎರಡಕ್ಕೂ ಒಂದೇ ಬಣ್ಣ ಬಳಿದರೆ ಯಾವುದಕ್ಕೂ ಹೊಂದುವುದಿಲ್ಲ.

ಚಿಕ್ಕ ತಿದ್ದುಪಡಿ: ಲೀ ಒಳಗೆ ಕೂರಿಸುವ ತಲೆಗಳು ಬ್ರಿಟಿಷರವು. ಅದೇ 254ನೇ ಭಾರತೀಯ ಟ್ಯಾಂಕ್ ಬ್ರಿಗೇಡ್‌ನಲ್ಲಿದ್ದ ಭಾರತೀಯ ರೆಜಿಮೆಂಟ್ 7ನೇ ಲೈಟ್ ಕ್ಯಾವಲ್ರಿ, ಅವರದು ಸ್ಟುವರ್ಟ್ ಹಗುರ ಟ್ಯಾಂಕ್.

ಹುಬ್ಬಳ್ಳಿ_ರಿವೆಟ್

ನೋಡ್ರಿ, ಲೀ ಅಲ್ಲಾಡೂದು ಗಾಲಿ ತಪ್ಪಲ್ಲ, ಒಡಲಿನ ತಪ್ಪು. ತಳ, ಎರಡು ಪಕ್ಕ, ಮುಂದಿನ ಮೂತಿ, ಹಿಂದಿನ ತಟ್ಟಿ ಹಿಂಗ ಬಿಡಿಬಿಡಿಯಾಗಿ ಬರೂ ಕಿಟ್‌ನ್ಯಾಗ ಒಂದು ಪಕ್ಕ ಅರ್ಧ ಮಿ.ಮೀ. ಓರೆ ಆದ್ರ ಸಾಕು, ಮುಂದಿಂದೆಲ್ಲಾ ಓರೆ. ಅಂಟು ಹಚ್ಚೂ ಮೊದ್ಲ ಮಾಸ್ಕಿಂಗ್ ಟೇಪ್ ಕಟ್ಟಿ ಒಣ ಜೋಡಣಿ ಮಾಡ್ರಿ, ಗಾಜಿನ ಮ್ಯಾಲ ಇಟ್ಟು ನಾಲ್ಕೂ ಮೂಲಿ ಕುಂದ್ರತಾವೇನು ನೋಡ್ರಿ. ಆಮ್ಯಾಲ ಒಳಗಿಂದ ತೆಳು ಸಿಮೆಂಟ್ (ಪ್ಲಾಸ್ಟಿಕ್ ಕರಗಿಸಿ ಬೆಸೆಯೂ ಅಂಟು) ಹರಿಸಿ, ಗಾಜಿನ ಮ್ಯಾಲೇ ಒಂದು ರಾತ್ರಿ ಬಿಡ್ರಿ.

ಬೋಗಿ (ಎರಡು ಗಾಲಿ ಹಿಡಿಯೂ ಚೌಕಟ್ಟು) ಪ್ರತಿ ಪಕ್ಕಕ್ಕ ಮೂರು, ಒಟ್ಟು ಆರು. ಗಾಲಿ ಹನ್ನೆರಡು. ಒಂದೊಂದಾಗಿ ಅಂಟಿಸಿ ಒಣಗಿಸಬ್ಯಾಡ್ರಿ. ಆರೂ ಒಮ್ಮೆಲೆ ಹಚ್ಚಿ, ಸಿಮೆಂಟ್ ಇನ್ನೂ ಹಸಿ ಇರಬೇಕಾದ್ರ ಗಾಜಿನ ಮ್ಯಾಲ ಇಟ್ಟು ಮ್ಯಾಲ ಸ್ವಲ್ಪ ಭಾರ ಹೇರ್ರಿ, ತಾವಾಗೇ ಸಮ ಆಗ್ತಾವ. ಈಗಾಗಲೇ ಒಣಗಿದ್ದಕ್ಕ ಉಪಾಯ: ಗಾಲಿ ಕೆಳಗ ಕಾಗದದ ಪಟ್ಟಿ ತೂರ್ಸಿ ನೋಡ್ರಿ. ಯಾವ ಗಾಲಿ ಕೆಳಗ ಸಡಿಲ ಹೋಗತದೋ ಅದು ಮ್ಯಾಲ ಐತಿ. ಕೆಳಗ ಇಳಿದ ಗಾಲಿಗಳ ಅಡಿ 400 ನಂಬರ್ ಸ್ಯಾಂಡ್‌ಪೇಪರಿನ್ಯಾಗ ಸ್ವಲ್ಪ ಉಜ್ಜರಿ. 0.3 ಮಿ.ಮೀ. ತನಕ ಉಜ್ಜಿದ್ರೂ ಟ್ರ್ಯಾಕ್ (ಗಾಲಿ ಸುತ್ತಿನ ಸರಪಳಿ ಪಟ್ಟಿ) ಮುಚ್ಚತದ.

ಹಳೆ ಷರ್ಮನ್ ಟ್ಯಾಂಕ್ ಕಿಟ್‌ನ ಬೋಗಿ ತಂದು ಹಚ್ಚೂ ವಿಚಾರ ಇದ್ರ ಒಂದು ನೋಡ್ರಿ. ಲೀ ಬೋಗಿಯ ಮ್ಯಾಲಿನ ರೋಲರ್ ನಟ್ಟನಡುವ ನೆತ್ತಿ ಮ್ಯಾಲ ಇರತದ. ಆಮ್ಯಾಲಿನ ಷರ್ಮನ್‌ಗಳದು ಹಿಂದಕ್ಕ ಚಾಚಿದ ತೋಳಿನ ಮ್ಯಾಲ. ಅದನ್ನ ಹಚ್ಚಿದ್ರ ತಿಳಿದವ್ರ ಕಣ್ಣಿಗೆ ತಟ್ಟನೆ ಬೀಳತದ.

ಟ್ರ್ಯಾಕ್ ತುಂಡು ತುಂಡು ಗಟ್ಟಿ ಪ್ಲಾಸ್ಟಿಕ್ ಇದ್ರ, ಒಂದು ಪಕ್ಕದ್ದು ಪೂರಾ ಪಟ್ಟಿ ಮಾಡಿ ಸಿಮೆಂಟ್ ಹಚ್ಚಿ 15–20 ನಿಮಿಷ ಬಿಡ್ರಿ. ಕೊಂಡಿ ಮೆತ್ತಗಾದಾಗ ಮುಂದಿನ ಹಲ್ಲುಗಾಲಿ, ಹಿಂದಿನ ಐಡ್ಲರ್ ಗಾಲಿ ಸುತ್ತ ಬಗ್ಗಿಸ್ರಿ. ಮೆದು ವಿನೈಲ್ ಟ್ರ್ಯಾಕ್ ಇದ್ರ ಗಾಲಿಗೆ ಮೊದ್ಲ ಬಣ್ಣ ಬಳೀರಿ. ಕೆಲವು ವಿನೈಲ್‌ನ್ಯಾಗಿನ ಪ್ಲಾಸ್ಟಿಸೈಜರ್ ವರ್ಷಗಟ್ಲೆ ಮುಟ್ಟಿಕೊಂಡಿದ್ದ ಕಡೆ ಸ್ಟೈರೀನ್ (ಕಿಟ್‌ನ ಗಟ್ಟಿ ಪ್ಲಾಸ್ಟಿಕ್) ಗಾಲಿ ಕರಗಸತದ. ಟ್ರ್ಯಾಕ್‌ನ ಎರಡು ತುದಿ ಜೋಡು ಬರೂದು ತಳದಾಗ ಇರಲಿ.

75 ಮಿ.ಮೀ. ತೋಪಿನ ನಳಿಗಿ ಬಲಕ್ಕ ಹೊರಚಾಚಿದ ಗೂಡಿನ್ಯಾಗ ಐತಿ, ಆಟದಾಗ ಮೊದ್ಲ ಮುರಿಯೂದು ಅದೇ. ಬುಡದಾಗ 0.5 ಮಿ.ಮೀ. ತೂತು ಕೊರದು ತಂತಿ ಹಾಕ್ರಿ. ಒಡಲಿನ ಒಳಗ ಕಬ್ಬಿಣದ ನಟ್ ಇಟ್ಟು ಎಪಾಕ್ಸಿ ಹಾಕಿದ್ರ ಟ್ಯಾಂಕ್ ಮೇಜಿನ ಮ್ಯಾಲ ಗಟ್ಟಿ ಕೂಡತದ. ಸೀಸದ ಗುಂಡು ಹಾಕಿ ಫೆವಿಕಾಲ್ ಸುರೀಬ್ಯಾಡ್ರಿ, ಸೀಸ ತುಕ್ಕು ಹಿಡಿದು ಉಬ್ಬಿ ಒಡಲ ಹರೀತದ.

ತೆಳು ಸಿಮೆಂಟ್ ಹೊತ್ತಿಕೊಳ್ಳೂ ವಸ್ತು. ವಿಮಾನದಾಗ ಬರೂದಿಲ್ಲ, ರಸ್ತೆ ಮ್ಯಾಲ ಬರತದ, ತಡ ಆಗತದ. ಬರೂತನ ಬರೇ ಅಸಿಟೋನ್ ಬಳಸೋಣು ಅನ್ನಬ್ಯಾಡ್ರಿ. ಭಾಳ ಬ್ಯಾಗ ಹಾರಿ ಹೋಗತದ, ಜೋಡು ಹಿಡಿಯೂದಿಲ್ಲ, ಮ್ಯಾಲ್ಮೈ ಬಿರುಕು ಬಿಡತದ.

ಕರಾವಳಿ_ಸ್ಪ್ರೂ

ಇಬ್ಬರಿಗೂ ಧನ್ಯವಾದ. ನುಂಗ್‌ಶಿಗುಮ್ ಅಂತ ನಿಶ್ಚಯ ಮಾಡಿದೆ. ಹಾ-ಗೋ ಸದ್ಯ ಪೆಟ್ಟಿಗೆಯಲ್ಲೇ ಇರಲಿ. ಸೈನಿಕರಿಗೆ ಪ್ರೈಮರ್ ಬದಲು ಫೆವಿಕಾಲ್ ಬಳಿದರೆ ಸಾಕು ಎಂದು ಹಲವರು ಹೇಳುತ್ತಾರೆ, ಹೌದಾ?

ಮಲೆನಾಡು_ಮ್ಯಾಟ್

ಅರ್ಧ ಹೌದು. ಮೆದು ಸೈನಿಕರು ಹೆಚ್ಚಾಗಿ ಪಾಲಿಎಥಿಲೀನ್. ಅದಕ್ಕೆ ಯಾವ ಬಣ್ಣವೂ ಕಚ್ಚುವುದಿಲ್ಲ, ಸುಮ್ಮನೆ ಮೇಲೆ ಕೂತಿರುತ್ತದೆ. ಬಂದೂಕು ಬಾಗಿದಾಗ ಬಣ್ಣ ಬಾಗದೆ ಸಿಡಿಯುತ್ತದೆ. ಫೆವಿಕಾಲ್ ಮಾಡುವುದು ಇಷ್ಟೇ: ಬೊಂಬೆಯ ಸುತ್ತ ಬಾಗುವ ಚೀಲ ಕಟ್ಟುತ್ತದೆ. ಆದರೆ ಸಾಮಾನ್ಯ ಬಿಳಿ ಫೆವಿಕಾಲ್ ನೀರಿಗೆ ಮೆತ್ತಗಾಗುತ್ತದೆ, ನಿಮ್ಮ ಊರಿನ ಜುಲೈಯಲ್ಲಿ ಕೈಗೆ ಅಂಟುತ್ತದೆ. ಅದೇ ದಾರಿ ಹಿಡಿಯುವುದಾದರೆ ನೀರು ತಡೆಯುವ ಮರೀನ್ ದರ್ಜೆಯದು ತನ್ನಿ.

ನನ್ನ ಮತ ಬೇರೆ ಕಡೆಗೆ. ಕಾರಿನ ಬಣ್ಣದ ಅಂಗಡಿಯಲ್ಲಿ ಬಂಪರ್‌ಗೆ ಹೊಡೆಯುವ ಪಿಪಿ (ಪಾಲಿಪ್ರೊಪಿಲೀನ್) ಪ್ರೈಮರ್ ಸಿಗುತ್ತದೆ. ಇಂಥ ಜಾರು ಪ್ಲಾಸ್ಟಿಕ್‌ಗೆಂದೇ ಮಾಡಿದ್ದು ಅದು. ಕ್ರಮ ಹೀಗೆ: ಸ್ಪ್ರೂ (ಬೊಂಬೆ ಅಂಟಿಕೊಂಡು ಬರುವ ಚೌಕಟ್ಟು) ಸಮೇತ ಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಲಿಕ್ವಿಡ್, ಹಳೆ ಹಲ್ಲುಜ್ಜುವ ಬ್ರಷ್. ಅಚ್ಚಿನ ಎಣ್ಣೆ ಹೋಗಬೇಕು, ಇಲ್ಲದಿದ್ದರೆ ಮುಂದಿನದೆಲ್ಲ ವ್ಯರ್ಥ. ಬಾಗಿದ ಬಂದೂಕನ್ನು ಕುದಿಯುವುದಕ್ಕೆ ತುಸು ಮುಂಚಿನ ನೀರಿನಲ್ಲಿ ಅರ್ಧ ನಿಮಿಷ ಅದ್ದಿ, ನೇರ ಮಾಡಿ, ತಣ್ಣೀರಿಗೆ ಹಾಕಿ. ಒಣಗಿದ ಮೇಲೆ ಪಿಪಿ ಪ್ರೈಮರ್ ಒಂದು ತೆಳು ಸುತ್ತು, ಡಬ್ಬಿಯ ಮೇಲೆ ಬರೆದ ಹೊತ್ತಿನೊಳಗೇ ಅಕ್ರಿಲಿಕ್ ಮೂಲ ಬಣ್ಣ. ಎನಾಮೆಲ್ ಬೇಡ, ಗಟ್ಟಿಯಾಗಿ ಬಿರುಕು ಬಿಡುತ್ತದೆ. ಗಟ್ಟಿ ಸ್ಟೈರೀನ್ ಬೊಂಬೆಗಳಿಗೆ ಈ ಕಸರತ್ತು ಬೇಕಿಲ್ಲ, ತೊಳೆದು ಸಾಮಾನ್ಯ ಪ್ರೈಮರ್ ಹೊಡೆದರೆ ಆಯಿತು.

ಡಿಕಾಲ್‌ನ ಬೆಳ್ಳಿ ಹೊಳಪು ಅಂಟಿನ ದೋಷವಲ್ಲ. ಮ್ಯಾಟ್ ಬಣ್ಣದ ಒರಟು ಮೇಲ್ಮೈಯ ಗುಳಿಗಳಲ್ಲಿ ಗಾಳಿ ಸಿಕ್ಕಿಕೊಂಡದ್ದು. ಮೊದಲು ಗ್ಲಾಸ್ (ಹೊಳಪಿನ) ವಾರ್ನಿಷ್, ಪೂರ್ತಿ ಒಣಗಿದ ಮೇಲೆ ಡಿಕಾಲ್, ಆಮೇಲೆ ಮ್ಯಾಟ್. ಲೀಯ ರಿವೆಟ್‌ಗಳ ಮೇಲೆ ಹಾಕುವಾಗ ಮೆದುಗೊಳಿಸುವ ದ್ರಾವಣ ಬೇಕೇ ಬೇಕು. ಹಚ್ಚಿದ ತಕ್ಷಣ ಡಿಕಾಲ್ ಸುಕ್ಕುಗಟ್ಟುತ್ತದೆ, ಹೆದರಿ ಮುಟ್ಟಬೇಡಿ, ತಾನಾಗಿ ಕೂರುತ್ತದೆ. ಈಗಾಗಲೇ ಬೆಳ್ಳಗಾದದ್ದಕ್ಕೆ ಸೂಜಿಯಿಂದ ಅಲ್ಲಲ್ಲಿ ಚುಚ್ಚಿ ಅದೇ ದ್ರಾವಣ ಬಿಡಿ.

ವಾರ್ನಿಷ್ ಬೆಳ್ಳಗಾಗಲು ಕಾರಣ ಎರಡು. ಸ್ಪ್ರೇಯ ದ್ರಾವಕ ಹಾರುವಾಗ ಮೇಲ್ಮೈ ತಂಪಾಗಿ ಗಾಳಿಯ ತೇವ ಅಲ್ಲೇ ಇಳಿಯುತ್ತದೆ. ಇಲ್ಲವೇ ಡಬ್ಬಿಯ ತಳದಲ್ಲಿ ಕೂತ ಮ್ಯಾಟ್ ಪುಡಿ ಸರಿಯಾಗಿ ಬೆರೆತಿರುವುದಿಲ್ಲ. ಮುನ್ನೂರು ರೂಪಾಯಿ ಆಸುಪಾಸಿನ ತೇವಮಾಪಕ ಕೊಂಡು ಶೇ. 65 ದಾಟಿದ ದಿನ ಸ್ಪ್ರೇ ಮುಟ್ಟಬೇಡಿ. ಮಳೆಗಾಲ ಪೂರ್ತಿ ನೀರು ಬೆರೆಸುವ ಅಕ್ರಿಲಿಕ್ ಮ್ಯಾಟ್ ವಾರ್ನಿಷನ್ನು ಬ್ರಷ್‌ನಲ್ಲೇ ಬಳಿಯಿರಿ. ಹಾಳಾದ ಬೊಂಬೆಗಳ ಮೇಲೆ ಒಂದು ಗ್ಲಾಸ್ ಸುತ್ತು ಬಳಿದರೆ ಹೆಚ್ಚಿನವು ಮೊದಲಿನ ಬಣ್ಣಕ್ಕೆ ಬರುತ್ತವೆ. ಬಣ್ಣ ಕಿತ್ತು ಮತ್ತೆ ಶುರು ಮಾಡುವ ಮುಂಚೆ ಇದನ್ನು ನೋಡಿ.

ಅಳತೆಪಟ್ಟಿ

ನುಂಗ್‌ಶಿಗುಮ್ ಅಂದಮೇಲೆ ಪಟ್ಟಿ ಬದಲಾಗುತ್ತದೆ. ಪ್ಲಟೂನ್‌ಗೆ ಸುಮಾರು 36 ಬೊಂಬೆ: ತಲಾ 10ರಂತೆ ಮೂರು ಸೆಕ್ಷನ್, ಪ್ರತಿಯೊಂದಕ್ಕೂ ಒಬ್ಬ ನಾಯಕ್, ಒಂದು ಬ್ರೆನ್ ಮೆಷಿನ್‌ಗನ್. ಉಳಿದ ಆರು ಮುಖ್ಯಸ್ಥಾನಕ್ಕೆ, ಅದರಲ್ಲಿ ಜಮಾದಾರ್, ಹವಾಲ್ದಾರ್, 2 ಇಂಚಿನ ಮಾರ್ಟರ್. ಪ್ಲಟೂನ್ ನಡೆಸುವವನು ಜಮಾದಾರ್, ಅಂದರೆ ಭಾರತೀಯ ಅಧಿಕಾರಿ. ಪೆಟ್ಟಿಗೆಯಲ್ಲಿ ಬರುವ ಪಿಸ್ತೂಲು ಹಿಡಿದ ಬ್ರಿಟಿಷ್ ಲೆಫ್ಟಿನೆಂಟನ್ನು ಅಲ್ಲಿ ನಿಲ್ಲಿಸಬೇಡಿ. ಪೇಟ ಮಾಡಲು ಎಂ-ಸೀಲ್ ಬಳಸಬಹುದು, ಆದರೆ ಅದು ಪಾಲಿಎಥಿಲೀನ್‌ಗೆ ಹಿಡಿಯುವುದಿಲ್ಲ. ತಲೆಗೆ ಗುಂಡುಸೂಜಿಯ ತುಂಡು ಚುಚ್ಚಿ ಅದರ ಸುತ್ತ ಕಟ್ಟಿ.

ತಳಕ್ಕೆ ಎಂ10 ವಾಷರ್ ಸಾಕು, ಹೊರ ಅಗಲ 20 ಮಿ.ಮೀ. ನಡುವಿನ ತೂತು ಎಂ-ಸೀಲ್‌ನಿಂದ ಮುಚ್ಚಿ. ಸ್ಟೇನ್‌ಲೆಸ್ ಕೊಳ್ಳಬೇಡಿ, ಸಾಮಾನ್ಯವಾಗಿ ಅಯಸ್ಕಾಂತ ಹಿಡಿಯುವುದಿಲ್ಲ. ಸತು ಲೇಪದ ಕಬ್ಬಿಣದ್ದಾದರೆ ಡಬ್ಬಿಯ ತಳಕ್ಕೆ ಮ್ಯಾಗ್ನೆಟ್ ಹಾಳೆ ಹಾಸಿ ನಿಲ್ಲಿಸಿಡಬಹುದು. ಕರಾವಳಿಯಲ್ಲಿ ಅಡಿಭಾಗಕ್ಕೂ ಬಣ್ಣ ಬಳಿಯಿರಿ.

ಹಾ-ಗೋ ಬದಲು ನಾಲ್ಕು ಬಂಕರ್ ಮಾಡಿ. 3 ಮಿ.ಮೀ. ಬಿದಿರಿನ ಸ್ಕೂಯರ್ ಕಡ್ಡಿ 1/72ರಲ್ಲಿ 21.6 ಸೆಂ.ಮೀ. ದಪ್ಪದ ದಿಮ್ಮಿ. ಎರಡು ಪದರ ಅಡ್ಡಡ್ಡ ಜೋಡಿಸಿ, ಮೇಲೆ ಜರಡಿ ಹಿಡಿದ ಮಣ್ಣು ಮತ್ತು ಫೆವಿಕಾಲ್. ಗುಂಡಿನ ಕಿಂಡಿ 4 ಮಿ.ಮೀ. ಎತ್ತರ ಮೀರಬಾರದು. ಛಾವಣಿ ತೆಗೆಯುವಂತಿರಲಿ, ಒಳಗೆ ಎಷ್ಟು ಜನ ಉಳಿದಿದ್ದಾರೆ ಎಂದು ಆಟದ ನಡುವೆ ನೋಡಬೇಕಾಗುತ್ತದೆ. ಹುಲ್ಲಿಗೆ ತೆಂಗಿನ ನಾರು 8–10 ಮಿ.ಮೀ. ಕತ್ತರಿಸಿ ನೆಡಿ. ಒಣಗಿದ ಚಹಾಪುಡಿ ಚೆನ್ನಾಗಿ ಕಾಣುತ್ತದೆ, ಆದರೆ ನಿಮ್ಮಲ್ಲಿ ಬೂಷ್ಟು ಹಿಡಿಯುತ್ತದೆ.

ಏಣಿನ ತುದಿಯ ಅಗಲ 60 ಮಿ.ಮೀ. ಇಡಿ. ಲೀಯ ಅಗಲ 38, ಎರಡು ಪಕ್ಕಪಕ್ಕ ಹೋಗಲಾರವು. ಮೂರೂ ಟ್ಯಾಂಕ್‌ನ ಮೇಲಿನ ಮುಚ್ಚಳ ತೆರೆದೇ ಜೋಡಿಸಿ, ಕಮಾಂಡರ್ ಬೊಂಬೆಯನ್ನು ಅಂಟಿಸದೆ ಪಿನ್‌ನಲ್ಲಿ ನಿಲ್ಲಿಸಿ, ಗುಂಡು ತಗುಲಿದಾಗ ತೆಗೆಯಲು ಬರುವ ಹಾಗೆ.